ಶೇ. 70 ಬ್ಲಾಕ್ ಎಂದರೆ ಎಷ್ಟು? ಹೃದಯದ ಧಮನಿಗಳ ಕುರಿತ ಅಧ್ಯಯನ ಟಿಪ್ಪಣಿ

ನರ್ಸಿಂಗ್ ಎರಡನೇ ವರ್ಷದ ಹೃದಯದ ಪಾಠದಲ್ಲಿ ನಾನು ಬಹಳ ದಿನ ತೊಡಕಿಗೆ ಸಿಲುಕಿದ್ದು ಒಂದೇ ಒಂದು ಅಂಕಿಯಿಂದ. ಬಸವನಗುಡಿಯಲ್ಲಿರುವ ನಮ್ಮ ದೊಡ್ಡಪ್ಪನವರ ಆಂಜಿಯೋಗ್ರಾಂ ವರದಿಯಲ್ಲಿ, ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಎಡ ಕರೋನರಿ ಧಮನಿಯ ಮುಂಭಾಗದ ಕವಲು ಶೇ. 70ರಷ್ಟು ಕಿರಿದಾಗಿದೆ ಎಂದು ಬರೆದಿತ್ತು. ಹಾಗಿದ್ದರೆ ರಕ್ತಕ್ಕೆ ಇನ್ನೂ ಶೇ. 30ರಷ್ಟು ದಾರಿ ಉಳಿದಿದೆ ಎಂದು ನಾನು ತಿಳಿದುಕೊಂಡಿದ್ದೆ. ಅದು ತಪ್ಪು.

ವರದಿಯಲ್ಲಿರುವ ಶೇಕಡಾವಾರು ಸಾಮಾನ್ಯವಾಗಿ ವ್ಯಾಸದ ಲೆಕ್ಕ. ರಕ್ತಕ್ಕೆ ದೊರೆಯುವ ದಾರಿಯಾದರೋ ಅಡ್ಡಕೊಯ್ತದ ವಿಸ್ತೀರ್ಣ. 3 ಮಿ.ಮೀ. ವ್ಯಾಸದ ಧಮನಿಯ ವಿಸ್ತೀರ್ಣ ಸುಮಾರು 7 ಚದರ ಮಿ.ಮೀ. ಅದು ಶೇ. 50ರಷ್ಟು ಕಿರಿದಾದಾಗ ವ್ಯಾಸ 1.5 ಮಿ.ಮೀ. ಆಗುತ್ತದೆ, ಆದರೆ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿದಿರುತ್ತದೆ. ಶೇ. 70ರಷ್ಟು ಕಿರಿದಾದಾಗ ವ್ಯಾಸ 0.9 ಮಿ.ಮೀ., ವಿಸ್ತೀರ್ಣ ಸುಮಾರು 0.64 ಚದರ ಮಿ.ಮೀ., ಅಂದರೆ ಮೊದಲಿನದರ ಶೇ. 9 ಮಾತ್ರ. ಇದಕ್ಕೆ ನಾನು ಕಂಡುಕೊಂಡ ಸುಲಭ ದಾರಿಯೆಂದರೆ, ಉಳಿದ ವ್ಯಾಸವನ್ನು ದಶಮಾಂಶದಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸುವುದು: 0.3 × 0.3 = 0.09. ಇದನ್ನು ನಾಲ್ಕೈದು ಬಾರಿ ಬೇರೆ ಬೇರೆ ಅಂಕಿಗಳಿಂದ ಮಾಡಿ ನೋಡಿದ ಮೇಲೆಯೇ ನನಗೆ ನಂಬಿಕೆ ಬಂದದ್ದು.

ಶೇ. 9ರಷ್ಟೇ ದಾರಿಯಿದ್ದೂ ದೊಡ್ಡಪ್ಪನವರು ಕುಳಿತು ಪತ್ರಿಕೆ ಓದುವಾಗ ಏನೂ ಆಗುತ್ತಿರಲಿಲ್ಲ. ಕಿರಿದಾದ ಜಾಗದಿಂದ ಮುಂದಿರುವ ಸಣ್ಣ ಧಮನಿಗಳು ಹಿಗ್ಗಿ ಆ ಕೊರತೆಯನ್ನು ತುಂಬಿಕೊಡುತ್ತವೆ. ಆದರೆ ಹೀಗೆ ಹಿಗ್ಗುವ ಶಕ್ತಿ ವಿಶ್ರಾಂತಿಯಲ್ಲೇ ಬಹುಪಾಲು ಖರ್ಚಾಗಿರುವುದರಿಂದ, ಶ್ರಮದ ಹೊತ್ತಿಗೆ ಹೆಚ್ಚಿನ ರಕ್ತ ಕೊಡಲು ಅವಕ್ಕೆ ಸಾಧ್ಯವಾಗುವುದಿಲ್ಲ. ಜೊತೆಗೆ, ದೇಹಕ್ಕೆಲ್ಲ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ (ಹೃದಯದ ಕೆಳಗಿನ ಎಡ ಕೋಣೆಯ) ಸ್ನಾಯುವಿಗೆ ರಕ್ತ ಹೆಚ್ಚಾಗಿ ಸಿಗುವುದು ಹೃದಯ ಸಡಿಲಗೊಂಡಾಗ. ಬಡಿತ ವೇಗವಾದಷ್ಟೂ ಆ ಅವಧಿ ಕಡಿಮೆಯಾಗುತ್ತದೆ. ಗಾಂಧಿ ಬಜಾರಿನಿಂದ ದೊಡ್ಡ ಗಣಪತಿ ಗುಡಿಯ ಕಡೆಗೆ ಏರು ಹತ್ತುವಾಗ ದೊಡ್ಡಪ್ಪನವರಿಗೆ ದವಡೆ ಮತ್ತು ಎಡ ಭುಜ ಬಿಗಿಯುತ್ತಿತ್ತು, ಯಾವುದಾದರೂ ಅಂಗಡಿಯ ಮುಂದೆ ಎರಡು ನಿಮಿಷ ನಿಂತರೆ ಇಳಿಯುತ್ತಿತ್ತು. ಮನೆಯಲ್ಲಿ ನಾವೆಲ್ಲ ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಜೀರಿಗೆ ಕಷಾಯ ಮಾಡಿಕೊಟ್ಟೆವು. ಶ್ರಮದಿಂದ ಬಂದು ವಿಶ್ರಾಂತಿಯಿಂದ ಹೋಗುವ ಇಂಥ ನೋವೇ ಸ್ಥಿರ ಆಂಜೈನಾ ಎಂಬುದು ನನಗೆ ಆಗ ಗೊತ್ತಿರಲಿಲ್ಲವಲ್ಲ ಎಂಬ ಸಂಕಟ ಈಗಲೂ ಇದೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಹೃದಯಾಘಾತಗಳಲ್ಲಿ ಅನೇಕವು ಶೇ. 50ಕ್ಕಿಂತ ಕಡಿಮೆ ಕಿರಿದಾಗಿದ್ದ ಜಾಗದಲ್ಲೇ ಆಗುತ್ತವೆ. ಧಮನಿಯ ಗೋಡೆಯೊಳಗೆ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲ್ ಸೇರಿ ಆದ ಕೊಬ್ಬಿನ ಗಡ್ಡೆಯ ಮೇಲೆ ನಾರಿನ ಪೊರೆಯೊಂದು ಇರುತ್ತದೆ. ಅದು ಹಾಲಿನ ಕೆನೆಯಂತೆ ತೆಳುವಾಗಿದ್ದರೆ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ಧಮನಿ ಪೂರ್ತಿ ಮುಚ್ಚಬಹುದು. ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಟಿಎಂಟಿ ಪರೀಕ್ಷೆ ರಕ್ತದ ಹರಿವಿನ ಕೊರತೆಯನ್ನು ತೋರಿಸುತ್ತದೆಯೇ ಹೊರತು ಪೊರೆಯ ದೌರ್ಬಲ್ಯವನ್ನಲ್ಲ. ಆದ್ದರಿಂದಲೇ ಕಳೆದ ತಿಂಗಳು ಟಿಎಂಟಿ ಸರಿಯಿದ್ದವರಿಗೂ ಈ ತಿಂಗಳು ಹೃದಯಾಘಾತವಾಗಬಹುದು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಧಮನಿ ಕಿರಿದಾದ ಶೇಕಡಾವಾರನ್ನು ಹೆಚ್ಚೇನೂ ಇಳಿಸದಿದ್ದರೂ ಆಘಾತಗಳನ್ನು ತಗ್ಗಿಸುವುದು ಏಕೆಂಬುದೂ ಇಲ್ಲಿಯೇ ತಿಳಿಯುತ್ತದೆ: ಅದು ಎಲ್‌ಡಿಎಲ್ ಇಳಿಸಿ, ಗಡ್ಡೆ ಸುಲಭವಾಗಿ ಹರಿಯದಂತೆ ಅದನ್ನು ಗಟ್ಟಿಗೊಳಿಸುತ್ತದೆ.

ತಂಬಾಕು ಬಿಡುವುದು, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಉಪ್ಪಿನ ಬಗ್ಗೆ ಮಾತ್ರ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಮತ್ತು ಆ ಲೆಕ್ಕದಲ್ಲಿ ಸಾರಿನ ಉಪ್ಪಿನೊಂದಿಗೆ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬನ್ ಎಲ್ಲವೂ ಸೇರುತ್ತವೆ.

ವಿಶ್ರಾಂತಿಯಲ್ಲೂ ಇಳಿಯದ ಎದೆಬಿಗಿತ ಮತ್ತು ತಣ್ಣನೆಯ ಬೆವರು ಕಂಡರೆ ಕೂಡಲೇ 108ಕ್ಕೆ ಕರೆಮಾಡಬೇಕು. ಮಧುಮೇಹಿಗಳಲ್ಲಿ ಮತ್ತು ಮಹಿಳೆಯರಲ್ಲಿ ಕೆಲವೊಮ್ಮೆ ಏದುಸಿರು, ಸುಸ್ತು ಮಾತ್ರ ಕಾಣಿಸಿಕೊಳ್ಳಬಹುದು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ನೋಡಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಆ ಔಷಧಿ ಕರಗಿಸುವುದು ಹೆಪ್ಪನ್ನು ಮಾತ್ರ. ಹರಿದ ಗಡ್ಡೆ ಧಮನಿಯಲ್ಲೇ ಉಳಿದಿರುತ್ತದೆ. ಆದ್ದರಿಂದ ನೋವು ಪೂರ್ತಿ ನಿಂತ ರೋಗಿಯನ್ನೂ ಆಂಜಿಯೋಗ್ರಾಂ ಸೌಲಭ್ಯವಿರುವ ಆಸ್ಪತ್ರೆಗೆ ಕಳಿಸುತ್ತಾರೆ.