ಹಿತ್ಲಲ್ಲಿರೋ ಹಿಪ್ಪುನೇರಳೆ ಹಣ್ಣನ್ನ ಪಿಕಳಾರದಿಂದ ಉಳಿಸ್ಕೊಳ್ಳೋದು ಹೇಗೆ?

ಪ್ರಶ್ನೆ: ನಾವು ಮೂಡಿಗೆರೆ ಹತ್ರ ಇರೋದು. ಮನೆ ಹಿಂದೆ ಎರಡು ಹಿಪ್ಪುನೇರಳೆ ಗಿಡ ಇದೆ, ಮುಂದೆ ಗ್ರೋ ಬ್ಯಾಗಲ್ಲಿ ಸ್ಟ್ರಾಬೆರಿ ಹಾಕಿದೀವಿ. ಹಣ್ಣು ಕೆಂಪಾಗೋದೇ ತಡ, ಪಿಕಳಾರ (ಬುಲ್‌ಬುಲ್ ಹಕ್ಕಿ) ಬಂದು ಖಾಲಿ ಮಾಡ್ತವೆ. ಸಿಡಿ ಕಟ್ಟಿದ್ವಿ, ಮೆಣಸಿನಪುಡಿ ನೀರು ಹೊಡೆದ್ವಿ, ಏನೂ ಪ್ರಯೋಜನ ಆಗ್ಲಿಲ್ಲ. ಪಕ್ಕದ ಮನೆಯವ್ರು ಏರ್‌ಗನ್ ತರ್ತೀನಿ ಅಂತಿದಾರೆ, ನಂಗೆ ಅದು ಇಷ್ಟ ಇಲ್ಲ. ಬೇರೆ ದಾರಿ ಇದ್ಯಾ?

ಇದೆ ಅಕ್ಕ, ಅದೂ ಕಮ್ಮಿ ಖರ್ಚಲ್ಲೇ ಆಗತ್ತೆ. ಏರ್‌ಗನ್ ವಿಷಯ ಮೊದ್ಲು ಮುಗಿಸಿಬಿಡೋಣ. ನಮ್ಮ ಹಿತ್ಲಿಗೆ ಬರೋ ಪಿಕಳಾರದಂಥ ಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಕ್ಷಣೆ ಇದೆ, ಹೊಡೆಯೋದು, ಅಂಟು ಹಾಕಿ ಹಿಡಿಯೋದು, ಗೂಡು ಕಿತ್ತುಹಾಕೋದು ಎಲ್ಲಾ ಅಪರಾಧ. ಪಕ್ಕದ ಮನೆಯವ್ರಿಗೆ ಇಷ್ಟು ಹೇಳಿದ್ರೆ ಸಾಕು, ಜಗಳ ಏನೂ ಬೇಡ.

ಆಮೇಲೆ ಒಂದು ವಿಷಯ ಗಟ್ಟಿ ಮಾಡ್ಕೊಳ್ಳಿ, ತಿಂತಿರೋದು ಪಿಕಳಾರ ಒಂದೇನಾ ಅಂತ. ಬೆಳಗ್ಗೆ ಗಿಡದ ಬುಡಕ್ಕೆ ಹೋಗಿ ನೋಡಿ. ರಸ ಹೀರಿ ಉಗುಳಿರೋ ನಾರಿನ ಉಂಡೆಗಳು ಬಿದ್ದಿದ್ರೆ ರಾತ್ರಿ ಬಾವಲಿ ಬಂದಿತ್ತು ಅಂತ ಅರ್ಥ, ಅವು ರಸ ಕುಡಿದು ಸಿಪ್ಪೆ ಅಲ್ಲೇ ಉಗುಳ್ತವೆ. ಸ್ಟ್ರಾಬೆರೀಲಿ ಒಂದು ಕಡೆ ತೂತು ಆಗಿ, ಪಕ್ಕದ ಎಲೆ ಮೇಲೆ ಬೆಳ್ಳಗೆ ಅಂಟಂಟು ಗೆರೆ ಇದ್ರೆ ಅದು ಬಸವನಹುಳ, ಹಕ್ಕಿ ಮೇಲೆ ತಪ್ಪು ಹೊರಿಸ್ಬೇಡಿ. ಹಲ್ಲಿನ ಗುರುತು ಕಂಡ್ರೆ ಇಲಿನೋ ಅಳಿಲೋ. ಹಕ್ಕಿ ಆದ್ರೆ ಚಿಕ್ಕ ಹಣ್ಣು ಇಡೀ ಮಾಯ ಆಗಿರತ್ತೆ, ತೊಟ್ಟು ಮಾತ್ರ ಉಳಿದಿರತ್ತೆ, ದೊಡ್ಡ ಹಣ್ಣಾದ್ರೆ ಕುಕ್ಕಿದ ಗುಂಡಿ ಇರತ್ತೆ. ನಮ್ಮ ಕಡೆ ಪಿಕಳಾರದ ಜೊತೆ ಕುಟ್ರುಹಕ್ಕಿ, ಕೋಗಿಲೆ, ಗೊರವಂಕ ಎಲ್ಲಾ ಪಾಲುದಾರರೇ, ಆದ್ರೆ ಧೈರ್ಯವಾಗಿ ಮನೆ ಜಗುಲಿವರೆಗೂ ಬರೋದು ಆ ಕರಿ ಜುಟ್ಟಿನ, ಕಣ್ಣಿನ ಹಿಂದೆ ಕೆಂಪು ಚುಕ್ಕೆ ಇರೋ ಕೆಮ್ಮೀಸೆ ಪಿಕಳಾರನೇ.

ಬಾವಲಿ ವಿಷಯ ಬಂತಲ್ಲ, ಅರ್ಧ ಕಚ್ಚಿ ಬಿಟ್ಟಿರೋ ಹಣ್ಣನ್ನ ಮಕ್ಕಳಿಗೆ ಕೊಡ್ಬೇಡಿ. ಗಿಳಿ ಕಚ್ಚಿದ ಹಣ್ಣು ಸಿಹಿ ಅಂತ ನಾವೆಲ್ಲಾ ಚಿಕ್ಕವರಿದ್ದಾಗ ತಿಂದವ್ರೇ, ಆದ್ರೆ 2018ರಲ್ಲಿ ಕೇರಳದಲ್ಲಿ ಬಾವಲಿಯಿಂದ ಹರಡೋ ನಿಪಾ ವೈರಸ್ ಬಂದ್ಮೇಲೆ ಆ ರೂಢಿ ಬಿಡೋದೇ ವಾಸಿ. ಅರ್ಧ ಉಳಿದ ಹಣ್ಣು ನೋಡಿ, ಕಚ್ಚಿದ್ದು ಹಕ್ಕೀನೋ ಬಾವಲೀನೋ ಅಂತ ಖಚಿತವಾಗಿ ಹೇಳೋಕೆ ಆಗಲ್ಲ.

ಈಗ ನೀವು ಹೊಡೆದ ಮೆಣಸಿನಪುಡಿ ನೀರಿನ ಕಥೆ. ಇದನ್ನ ಎಷ್ಟು ಜನ ಹೇಳ್ತಾರೆ ಅಂದ್ರೆ, ಯಾರೂ ಮಾಡಿ ನೋಡಿಲ್ವೇನೋ ಅನ್ಸತ್ತೆ. ಖಾರ ಅನ್ನೋದು ಕ್ಯಾಪ್ಸೈಸಿನ್ ಅನ್ನೋ ವಸ್ತುವಿಂದ ಬರೋದು, ಅದು ನಮ್ಮ ನರದಲ್ಲಿರೋ ಟಿಆರ್‌ಪಿವಿ1 ಅನ್ನೋ ರಿಸೆಪ್ಟರ್‌ಗೆ ಹೋಗಿ ಅಂಟ್ಕೊಂಡಾಗ ಉರಿ ಅಂತ ಮಿದುಳಿಗೆ ಸುದ್ದಿ ಹೋಗತ್ತೆ (ಈ ರಿಸೆಪ್ಟರ್ ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು). ಹಕ್ಕಿಗಳಲ್ಲೂ ಇದೇ ಥರದ ರಿಸೆಪ್ಟರ್ ಇದೆ, ಆದ್ರೆ ಅದು ಕ್ಯಾಪ್ಸೈಸಿನ್‌ಗೆ ಜಗ್ಗಲ್ಲ. ಅಂದ್ರೆ ಪಿಕಳಾರಕ್ಕೆ ನಿಮ್ಮ ಮೆಣಸಿನ ನೀರು ಬರೀ ನೀರು. ಇದಕ್ಕೆ ಲ್ಯಾಬ್‌ಗೆ ಹೋಗೋದು ಬೇಡ, ನಿಮ್ಮ ತೋಟದಲ್ಲೇ ಸಾಕ್ಷಿ ಇದೆ. ಕಾಫಿ ಗಿಡದ ಸಂದೀಲಿ, ಬೇಲಿ ಪಕ್ಕ, ಹಾಲುವಾಣ ಮರದ ಬುಡದಲ್ಲಿ ಯಾರೂ ಹಾಕದ ಸೂಜಿಮೆಣಸಿನ ಗಿಡ ಎದ್ದಿರತ್ತಲ್ಲ, ಅದನ್ನ ಅಲ್ಲಿ ಬಿತ್ತಿದ್ದು ಯಾರು? ಹಕ್ಕಿನೇ. ನಾವು ಒಂದು ಕಾಯಿ ಕಚ್ಚಿದ್ರೆ ಕಣ್ಣಲ್ಲಿ ನೀರು ಬರೋ ಆ ಸೂಜಿಮೆಣಸನ್ನ ಅವು ಕೆಂಪಾಗಿದ್ದೇ ಆರಿಸಿ ಇಡೀ ನುಂಗ್ತವೆ, ಬೇರೆ ಕೊಂಬೆ ಮೇಲೆ ಕೂತು ಹಿಕ್ಕೆ ಹಾಕ್ತವೆ, ಬೀಜ ಅಲ್ಲಿ ಹುಟ್ಕೊಳ್ಳತ್ತೆ. ಇನ್ನು ನಿಮ್ಮ ಖಾರದ ನೀರಿಗೆ ಹೆದರ್ತಾವಾ! ಅಳಿಲು, ಇಲಿ ಕಾಟ ಇದ್ರೆ ಖಾರದ ನೀರು ಸ್ವಲ್ಪ ಕೆಲಸ ಮಾಡತ್ತೆ, ಅವು ನಮ್ಮ ಥರ ಸಸ್ತನಿಗಳು, ಉರಿ ಗೊತ್ತಾಗತ್ತೆ. ಅದೂ ಮಳೆ ಬರೋವರೆಗೆ ಅಷ್ಟೇ.

ಸಿಡಿ, ಹೊಳೆಯೋ ರಿಬ್ಬನ್, ಪ್ಲಾಸ್ಟಿಕ್ ಗೂಬೆ, ರಬ್ಬರ್ ಹಾವು, ಬೆದರುಬೊಂಬೆ, ಇವೆಲ್ಲಾ ಒಂದೇ ಜಾತಿ. ಹೊಸದು ಕಂಡಾಗ ಹಕ್ಕಿ ಹೆದರತ್ತೆ, ಆಮೇಲೆ ಅದು ಏನೂ ಮಾಡಲ್ಲ ಅಂತ ಗೊತ್ತಾದ್ಮೇಲೆ ಅದರ ಮೇಲೇ ಕೂರತ್ತೆ. ಇವುಗಳಲ್ಲಿ ರಿಬ್ಬನ್ ಸ್ವಲ್ಪ ಪರವಾಗಿಲ್ಲ, ಗಾಳಿಗೆ ಮಿಂಚೋದರ ಜೊತೆ ಭರ್ ಅಂತ ಸದ್ದೂ ಮಾಡತ್ತೆ, ಆದ್ರೆ ನಾಲ್ಕೈದು ತಿರುಚು ಹಾಕಿ ಬಿಗಿಯಾಗಿ ಕಟ್ಬೇಕು, ದಿನ ಬಿಟ್ಟು ದಿನ ಜಾಗ ಬದಲಾಯಿಸ್ಬೇಕು, ಹಣ್ಣು ಮುಗಿದ ತಕ್ಷಣ ಬಿಚ್ಚಬೇಕು. ಎರಡು ಗಿಡಕ್ಕೆ ಅಷ್ಟು ಓಡಾಡೋ ಬದ್ಲು ಬಟ್ಟೆ ಮುಚ್ಚೋದು ಸುಲಭ. ಇನ್ನು ಆನ್‌ಲೈನಲ್ಲಿ ಮಾರ್ತಾರಲ್ಲ ಅಲ್ಟ್ರಾಸಾನಿಕ್ ಡಬ್ಬಿ, ಅದಕ್ಕಂತೂ ದುಡ್ಡು ಹಾಕ್ಲೇಬೇಡಿ. ಅಷ್ಟು ಮೇಲಿನ ಸ್ವರ ಹಕ್ಕಿಗಳಿಗೆ ಕೇಳ್ಸೋದೇ ಇಲ್ಲ, ಕೇಳದೇ ಇರೋ ಸದ್ದಿಗೆ ಹೆದರೋದು ಹೇಗೆ?

ಹಂಗಾದ್ರೆ ಕೆಲಸ ಮಾಡೋದು ಯಾವ್ದು ಅಂದ್ರೆ ಮುಚ್ಚೋದು ಒಂದೇ, ಅದೂ ಎಲ್ಲಾನೂ ಅಲ್ಲ, ವರ್ಷಪೂರ್ತಿನೂ ಅಲ್ಲ. ಹಣ್ಣು ಬಣ್ಣ ತಿರುಗೋಕೆ ಶುರುವಾದಾಗಿಂದ ಕೊಯ್ದು ಮುಗಿಯೋವರೆಗಿನ ಕೆಲವು ವಾರ ಮಾತ್ರ, ನಿಮಗೆಷ್ಟು ಬೇಕೋ ಅಷ್ಟು ಕೊಂಬೆ ಮಾತ್ರ. ಮೇಲಿನ ತುದಿ ಕೊಂಬೆ ನಿಮಗೆ ಹೇಗೂ ಎಟುಕಲ್ಲ, ಅದು ಹಕ್ಕಿಗೆ ಇರ್ಲಿ ಬಿಡಿ.

ಮುಚ್ಚೋಕೆ ಏನು ತಗೋಬೇಕು ಅನ್ನೋದ್ರಲ್ಲೇ ಜನ ಎಡವೋದು. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಅಂಗಡಿಗೆ ಹೋಗಿ ಹಕ್ಕಿ ಬಲೆ ಕೊಡಿ ಅಂದ್ರೆ ದೊಡ್ಡ ಕಣ್ಣಿನ ತೆಳ್ಳನೆ ನೈಲಾನ್ ಬಲೆ ಕೊಡ್ತಾರೆ, ಇಲ್ಲಾಂದ್ರೆ ಯಾರೋ ಗೊರೂರು ಹಿನ್ನೀರಿನ ಕಡೆಯಿಂದ ಹಳೇ ಮೀನುಬಲೆ ತಂದ್ಕೊಡ್ತಾರೆ. ಎರಡೂ ಬೇಡ. ಆ ದಾರ ಹಕ್ಕಿ ಕಣ್ಣಿಗೆ ಬೀಳಲ್ಲ, ಕಾಲೋ ರೆಕ್ಕೆಯೋ ಸಿಕ್ಕಾಕ್ಕೊಂಡು ಒದ್ದಾಡಿದಷ್ಟೂ ಬಿಗಿಯತ್ತೆ. ಅದಕ್ಕಿಂತ ದೊಡ್ಡ ಸಮಸ್ಯೆ ನಮ್ಮ ಕಡೆ ಹಾವು. ಕೇರೆ ಹಾವು ಇಲಿ ಅಟ್ಟಿಸ್ಕೊಂಡು ಬಂದು ನೆಲದ ಮೇಲೆ ಸಡಿಲವಾಗಿ ಬಿದ್ದಿರೋ ಬಲೆಗೆ ತಲೆ ತೂರಿಸತ್ತೆ, ಅರ್ಧ ಮೈ ಒಳಗೆ ಹೋದ್ಮೇಲೆ ಚಿಪ್ಪು ಸಿಕ್ಕಾಕ್ಕೊಂಡು ಹಿಂದಕ್ಕೆ ಬರೋಕಾಗಲ್ಲ, ದಾರ ಚರ್ಮ ಕುಯ್ಯತ್ತೆ. ನಾಗರಹಾವೇ ಸಿಕ್ಕಾಕ್ಕೊಂಡ್ರೆ ಬಿಡಿಸೋರು ಯಾರು ಹೇಳಿ? ಹಂಗೇನಾದ್ರೂ ಆದ್ರೆ ನೀವು ಕೈ ಹಾಕ್ಬೇಡಿ, ಹಾವು ಹಿಡಿಯೋರನ್ನೋ ಅರಣ್ಯ ಇಲಾಖೆಯವ್ರನ್ನೋ ಕರೀರಿ.

ಬಲೆ ಕಣ್ಣಿಗೆ ಒಂದು ಸುಲಭ ಪರೀಕ್ಷೆ ಇದೆ, ಕಿರುಬೆರಳು ತೂರಿದ್ರೆ ಆ ಬಲೆ ಬೇಡ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರಿಂದ ಇದು ಕಾನೂನೇ ಆಗಿದೆ, ಮನೆ ಹಣ್ಣಿನ ಗಿಡಕ್ಕೆ ಹಾಕೋ ಬಲೆ ಕಣ್ಣು ಪೂರ್ತಿ ಎಳೆದಾಗಲೂ 5 ಮಿಲಿಮೀಟರ್ ದಾಟೋ ಹಾಗಿಲ್ಲ. ನಮ್ಮಲ್ಲಿ ಅಂಥ ಬಲೆ ಹುಡುಕೋ ಅಗತ್ಯನೇ ಇಲ್ಲ, ಅಟ್ಟದ ಮೇಲಿರೋ ಹಳೇ ಸೊಳ್ಳೆ ಪರದೆ ಇಳಿಸಿ. ಕಣ್ಣು ಸಣ್ಣ, ಬೆಳ್ಳಗಿರೋದ್ರಿಂದ ಹಕ್ಕಿಗೆ ದೂರದಿಂದ್ಲೇ ಕಾಣತ್ತೆ, ಗಾಳಿ ಬೆಳಕು ಎರಡೂ ಓಡಾಡತ್ತೆ, ಒಗೆದು ಮಡಚಿಟ್ರೆ ಮುಂದಿನ ವರ್ಷಕ್ಕೂ ಆಗತ್ತೆ. ಔಷಧಿ ಹಾಕಿರೋ ಪರದೆ ಆದ್ರೆ ಮಾತ್ರ ಬೇಡ, ತಿನ್ನೋ ಹಣ್ಣು ಅದು. ನರ್ಸರಿಯ ಹಸಿರು ಶೇಡ್ ನೆಟ್ ಕೂಡ ಹಾಕ್ಬೋದು, ಆದ್ರೆ ನೆರಳು ಜಾಸ್ತಿಯಾಗಿ ಹಣ್ಣು ನಿಧಾನ, ಸಿಹಿನೂ ಕಮ್ಮಿ.

ಪರದೇನ ಸುಮ್ನೆ ಗಿಡದ ಮೇಲೆ ಎಸೆದ್ರೆ ಅರ್ಧ ಕೆಲಸ. ಹಣ್ಣಿಗೆ ಪರದೆ ತಾಗ್ತಿದ್ರೆ ಪಿಕಳಾರ ಮೇಲೆ ಕೂತು ಬಟ್ಟೆ ಸಮೇತ ಕುಕ್ಕತ್ತೆ, ರಸ ಸೋರಿ ಇರುವೆ ಸಾಲು ಕಟ್ಟತ್ತೆ. ನಾಲ್ಕು ಬಿದಿರು ಗೂಟ ನೆಟ್ಟು, ಮೇಲೆ ಬಿದಿರು ದಬ್ಬೇನೋ ಪಿವಿಸಿ ಪೈಪನ್ನೋ ಬಗ್ಗಿಸಿ ಕಟ್ಟಿ, ಹಣ್ಣಿಗೂ ಪರದೆಗೂ ಒಂದು ಗೇಣು ಅಂತರ ಇರೋ ಹಾಗೆ ಬಿಗಿಯಾಗಿ ಎಳೆದು ಕಟ್ಟಿ. ಕೆಳಗಿನ ಅಂಚು ನೆಲದ ಮೇಲೆ ಎಳೆದಾಡ್ಬಾರ್ದು, ಒಂದೋ ಕಾಂಡಕ್ಕೆ ಸೇರಿಸಿ ಗಂಟು ಹಾಕಿ, ಇಲ್ಲಾ ಸುತ್ತ ಇಟ್ಟಿಗೆ ಹೇರಿ. ಸಂದಿ ಇದ್ರೆ ಒಳಗೆ ಹೋದ ಹಕ್ಕಿಗೆ ಹೊರಗೆ ಬರೋ ದಾರಿ ಗೊತ್ತಾಗಲ್ಲ, ಬೆಳಗ್ಗೆ ಸಂಜೆ ಒಂದು ಸಲ ನೋಡ್ಬೇಕು. ಯಾವ್ದಾದ್ರೂ ಹಕ್ಕಿ ಸಿಕ್ಕಾಕ್ಕೊಂಡಿದ್ರೆ ಎಳೀಬೇಡಿ, ಮೇಲೆ ಟವೆಲ್ ಹಾಕಿ, ಕತ್ತರಿ ತಗೊಂಡು ದಾರ ಕತ್ತರಿಸಿ. ಸುಸ್ತಾಗಿದ್ರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಸ್ವಲ್ಪ ಹೊತ್ತು ಕತ್ತಲಲ್ಲಿಟ್ಟು ಬಿಡಿ, ತಾನೇ ಹಾರತ್ತೆ.

ಮುಚ್ಚೋ ಮುಂಚೆ ಇನ್ನೊಂದು ಕೆಲಸ. ಕೊಂಬೆ ಸರಿಸಿ ಒಳಗೆ ಗೂಡು ಇದ್ಯಾ ನೋಡಿ. ದಕ್ಷಿಣ ಭಾರತದಲ್ಲಿ ಕೆಮ್ಮೀಸೆ ಪಿಕಳಾರ ಮರಿ ಮಾಡೋದು ಹೆಚ್ಚಾಗಿ ಡಿಸೆಂಬರಿಂದ ಮೇವರೆಗೆ, ನಿಮ್ಮ ಹಿಪ್ಪುನೇರಳೆ ಹಣ್ಣಾಗೋದೂ ಅದೇ ಸಮಯದಲ್ಲಿ. ಬೇರು, ನಾರು, ಒಣಹುಲ್ಲು ಸೇರಿಸಿ ಬಟ್ಟಲಿನಾಕಾರದ ಚಿಕ್ಕ ಗೂಡು ಕಟ್ಟಿರತ್ತೆ, ಅದರೊಳಗೆ ಸಾಮಾನ್ಯವಾಗಿ ಎರಡೋ ಮೂರೋ ಮೊಟ್ಟೆ. ಮರಿ ಚಿಕ್ಕದಿದ್ದಾಗ ಅಪ್ಪ ಅಮ್ಮ ಇಬ್ರೂ ಹುಳ ತಂದು ತಿನ್ನಿಸ್ತಾರೆ, ನಿಮ್ಮ ಬೀನ್ಸ್ ಬಳ್ಳಿ, ಗುಲಾಬಿ ಗಿಡದ ಹುಳಾನೂ ಅದರಲ್ಲಿ ಸೇರತ್ತೆ. ಮರಿ ಬೆಳೀತಾ ಬಂದ ಹಾಗೆ ಹಣ್ಣಿಗೆ ತಿರುಗ್ತಾರೆ. ಗೂಡು ಇರೋ ಗಿಡ ಆ ವರ್ಷ ಮುಚ್ಚಬೇಡಿ, ಇನ್ನೊಂದು ಗಿಡ ಇದ್ಯಲ್ಲ.

ಪೂರ್ತಿ ಗಿಡ ಮುಚ್ಚೋಕೆ ಆಗಲ್ಲ ಅನ್ನೋರಿಗೆ ಚೀಲ. ಮದುವೆ, ಗೃಹಪ್ರವೇಶಕ್ಕೆ ಹೋದಾಗ ಗಿಫ್ಟ್ ಹಾಕಿ ಕೊಡ್ತಾರಲ್ಲ ಪರದೆ ಥರದ ಲಾಡಿ ಚೀಲ, ಎಲ್ಲರ ಮನೇಲೂ ಡ್ರಾಯರಲ್ಲಿ ಒಂದು ರಾಶಿ ಇರತ್ತೆ. ಕಾಯಿ ಕಟ್ಟಿದ ಕೊಂಬೆ ತುದಿಗೆ ಅದನ್ನ ತೂರಿಸಿ ಲಾಡಿ ಎಳೆದ್ರೆ ಮುಗೀತು. ದ್ರಾಕ್ಷಿ ಗೊಂಚಲಿಗೆ, ಸೀಬೆಕಾಯಿಗೂ ಇದು ಬಹಳ ಚೆನ್ನಾಗಿ ಆಗತ್ತೆ, ನೋಡೋಕೆ ಗಿಡ ಸ್ವಲ್ಪ ಅರಿಶಿನ ಕುಂಕುಮಕ್ಕೆ ಹೊರಟ ಹಾಗೆ ಕಾಣತ್ತೆ ಅಷ್ಟೇ.

ಸ್ಟ್ರಾಬೆರಿಗೆ ಲೆಕ್ಕ ಬೇರೆ. ಹಿಪ್ಪುನೇರಳೆಗೆ ಪರಾಗ ಗಾಳೀಲಿ ಬರತ್ತೆ, ಸ್ಟ್ರಾಬೆರಿಗೆ ಜೇನು ಬಂದು ಹೂವಿನ ಮೇಲೆ ಓಡಾಡಿದ್ರೇನೇ ಹಣ್ಣು ದುಂಡಗೆ ಬರೋದು, ಇಲ್ಲಾಂದ್ರೆ ಸೊಟ್ಟಪಟ್ಟ. ಅದಕ್ಕೆ ಹೂವಿರೋವಾಗ ಮುಚ್ಚಬೇಡಿ, ಕಾಯಿ ಬಿಳಿ ಬಣ್ಣಕ್ಕೆ ಬಂದಾಗ ಮುಚ್ಚಿ. ಹೂವು ಕಾಯಿ ಒಟ್ಟಿಗೇ ಇರತ್ತೆ ಅಂದ್ರೆ ಬೆಳಗ್ಗೆ ಹೊತ್ತು ಒಂದು ಬದಿ ಎತ್ತಿಡಿ, ನೀವು ಅಲ್ಲೇ ಕಾಫಿ ಕುಡೀತಾ ಕೂತ್ಕೊಳ್ಳಿ, ಕಾವಲೂ ಆಯ್ತು. ಕಾಯಲ್ಲೇ ಕಿತ್ತು ಒಳಗಿಟ್ಟು ಹಣ್ಣು ಮಾಡೋಣ ಅಂತ ಕೆಲವ್ರು ಮಾಡ್ತಾರೆ, ಬಣ್ಣ ಬರತ್ತೆ, ಸಿಹಿ ಬರಲ್ಲ, ಸ್ಟ್ರಾಬೆರಿ ಕಿತ್ತ ಮೇಲೆ ಸಿಹಿ ಏರೋ ಹಣ್ಣಲ್ಲ. ಕೆಂಪಾದ ದಿನವೇ ಕೀಳಿ, ಹಕ್ಕಿಗಳ ಊಟದ ಜೋರು ಇರೋದು ಬೆಳಬೆಳಗ್ಗೆ, ಹಾಗಾಗಿ ನಾಳೆ ಕಿತ್ರಾಯ್ತು ಅಂತ ಸಂಜೆ ಬಿಟ್ಟಿದ್ದು ನಾಳೆ ನಿಮ್ದಾಗಿರಲ್ಲ. ಇದ್ಯಾವ ರಗಳೆನೂ ಬೇಡ ಅನ್ನೋರು ಬುಡ್ಡೆ ಹಣ್ಣು ಹಾಕಿ, ಅದು ಪೇಪರ್ ಥರ ಸಿಪ್ಪೆ ಒಳಗೆ ತಾನೇ ಅಡಗಿರತ್ತೆ, ಹಕ್ಕಿ ಕಣ್ಣಿಗೆ ಸುಲಭಕ್ಕೆ ಬೀಳಲ್ಲ.

ಹಕ್ಕಿಗೆ ಅಂತ್ಲೇ ಬೇರೆ ಮರ ಹಾಕಿದ್ರೆ ಇಲ್ಲಿ ಬರಲ್ವಾ ಅಂತ ಕೇಳೋರೂ ಇದಾರೆ. ಗಸಗಸೆ ಹಣ್ಣಿನ ಮರ ಒಳ್ಳೇದು, ಬೇಗ ಬೆಳೆಯತ್ತೆ, ವರ್ಷದ ಬಹುಪಾಲು ಹಣ್ಣು ಬಿಡತ್ತೆ. ಆದ್ರೆ ಹಿಪ್ಪುನೇರಳೆ ಪಕ್ಕದಲ್ಲೇ ನೆಟ್ರೆ ಊರಿನ ಹಕ್ಕಿಗೆಲ್ಲಾ ಕರೆದು ಊಟ ಹಾಕಿದ ಹಾಗೆ, ಹಿತ್ಲಿನ ಆ ತುದೀಲಿ ನೆಡಿ. ತೋಟ ಇರೋರು ನೆರಳಿಗೆ ಅಂತ ಇರೋ ಅತ್ತಿ, ಬಸರಿ, ಗೋಣಿ ಮರ ಕಡೀಬೇಡಿ, ಅತ್ತಿ ಹಣ್ಣಾದಾಗ ಕುಟ್ರುಹಕ್ಕಿ, ಪಿಕಳಾರ ಎಲ್ಲಾ ಅಲ್ಲೇ ಜಾತ್ರೆ ಮಾಡ್ತವೆ. ಅದನ್ನೆಲ್ಲಾ ತೆಗೆದು ಸಾಲಾಗಿ ಸಿಲ್ವರ್ ಓಕ್ ಹಾಕಿ, ಆಮೇಲೆ ಹಕ್ಕಿ ಕಾಟ ಅಂದ್ರೆ ಏನು ಹೇಳೋದು, ಆ ಮರದಲ್ಲಿ ತಿನ್ನೋ ಹಣ್ಣೇ ಇಲ್ವಲ್ಲ. ಬೇಸಿಗೇಲಿ ಒಂದು ಅಗಲ ಮಣ್ಣಿನ ತಟ್ಟೇಲಿ ನೀರಿಡೋದೂ ಮಾಡಿ, ಬಾಯಾರಿಕೆಗೆ ಹಣ್ಣು ಕುಕ್ಕೋದಾದ್ರೂ ಸ್ವಲ್ಪ ಕಮ್ಮಿಯಾದೀತು.

ಕಡೇದಾಗಿ ನಿಮ್ಮ ಗಿಡದ ಎತ್ತರ. ನೀವು ಬರೆದಿಲ್ಲ, ಆದ್ರೆ ಹಿತ್ಲಲ್ಲಿ ಬಿಟ್ಟ ಹಿಪ್ಪುನೇರಳೆ ಹಂಚಿನ ಮಟ್ಟ ದಾಟಿರತ್ತೆ ಅಂತ ನನ್ನ ಊಹೆ, ಅಷ್ಟೆತ್ತರಕ್ಕೆ ಯಾವ ಪರದೆ ಹಾಕ್ತೀರ? ಹಿಪ್ಪುನೇರಳೆ ಹೊಸ ಚಿಗುರಲ್ಲೇ ಹೂವು ಬಿಡೋದು, ರೇಷ್ಮೆ ಬೆಳೆಯೋರು ಬುಡಮಟ್ಟ ಕತ್ತರಿಸಿದ್ರೂ ಮತ್ತೆ ಚಿಗುರೋ ಗಟ್ಟಿ ಗಿಡ ಅದು, ಹೆದರ್ಬೇಡಿ. ಈ ಸಲದ ಹಣ್ಣು ಮುಗಿದು, ಮಳೆಗಾಲನೂ ಕಳೆದ್ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ ಒಂದು ಗಿಡನ ಸೊಂಟದೆತ್ತರಕ್ಕೆ ಕತ್ತರಿಸಿ, ಉಳಿದ ಎಲೆನೂ ಕಿತ್ತುಹಾಕಿ, ಬುಡಕ್ಕೆ ಸಗಣಿ ಗೊಬ್ಬರ ಕೊಟ್ಟು ನೀರು ಬಿಡಿ. ಚಿಗುರಿನ ಜೊತೆಗೇ ಮೊಗ್ಗು ಬರತ್ತೆ, ಹೆಚ್ಚುಕಮ್ಮಿ ಎರಡು ತಿಂಗಳಿಗೆ ಹಣ್ಣು. ಇನ್ನೊಂದು ಗಿಡನ ಮೂರು ವಾರ ಬಿಟ್ಟು ಕತ್ತರಿಸಿ. ಆಗ ಎರಡೂ ಒಟ್ಟಿಗೆ ಹಣ್ಣಾಗಲ್ಲ, ಒಂದೇ ಸೊಳ್ಳೆ ಪರದೇನ ಇದರಿಂದ ಬಿಚ್ಚಿ ಅದಕ್ಕೆ ಕಟ್ಬೋದು.