ಬೆರಳ ತುದಿಯ ಅಂಕಿ, ಚರ್ಮದ ಬಣ್ಣ: ಪಲ್ಸ್ ಆಕ್ಸಿಮೀಟರ್‌ನ ಹಳೆಯ ತಪ್ಪಿನ ಜಾಡು ಹಿಡಿದು

2020ರ ಡಿಸೆಂಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಪತ್ರ ಪ್ರಕಟವಾಯಿತು. ಬರೆದವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮೈಕೆಲ್ ಶೋಡಿಂಗ್ ಮತ್ತು ಸಂಗಡಿಗರು. ಆಸ್ಪತ್ರೆಯ ಕಡತಗಳಲ್ಲಿ ಆಗಲೇ ಇದ್ದ ಎರಡು ಅಂಕಿಗಳನ್ನು ಅವರು ಪಕ್ಕಪಕ್ಕ ಇಟ್ಟು ನೋಡಿದ್ದರು, ಅಷ್ಟೆ. ಒಂದು, ರೋಗಿಯ ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ ತೋರಿಸಿದ ಆಮ್ಲಜನಕದ ಮಟ್ಟ. ಇನ್ನೊಂದು, ಅದಾದ ಹತ್ತು ನಿಮಿಷದೊಳಗೆ ಅದೇ ರೋಗಿಯ ಅಪಧಮನಿಯಿಂದ ತೆಗೆದ ರಕ್ತವನ್ನು ಪರೀಕ್ಷಿಸಿದಾಗ ಸಿಕ್ಕ ಮಟ್ಟ.

ಯಂತ್ರ 92ರಿಂದ 96ರ ನಡುವೆ ತೋರಿಸುತ್ತಿದ್ದಾಗ, ಅಂದರೆ ಸದ್ಯಕ್ಕೆ ಗಾಬರಿಯಿಲ್ಲ ಎನ್ನುತ್ತಿದ್ದಾಗ, ರಕ್ತದಲ್ಲಿ ನಿಜಕ್ಕೂ ಶೇ 88ಕ್ಕಿಂತ ಕಡಿಮೆ ಆಮ್ಲಜನಕ ಇದ್ದದ್ದು ಎಷ್ಟು ಸಲ? ಬಿಳಿಯ ರೋಗಿಗಳಲ್ಲಿ ಶೇ 3.6ರಷ್ಟು ಸಲ, ಕಪ್ಪು ರೋಗಿಗಳಲ್ಲಿ ಶೇ 11.7ರಷ್ಟು ಸಲ. ಇದೊಂದೇ ಆಸ್ಪತ್ರೆಯ ವಿಚಿತ್ರವಿರಬಹುದೇ ಎಂದು 178 ಆಸ್ಪತ್ರೆಗಳ ಹಳೆಯ ದತ್ತಾಂಶವನ್ನೂ ಜಾಲಾಡಿದರು. ಅಲ್ಲಿ ಶೇ 6.2 ಮತ್ತು ಶೇ 17.0. ಅಂತರ ಅಷ್ಟೇ ದೊಡ್ಡದು.

ಹೀಗೆ ಹೋಲಿಸಲು ಬೇಕಾದ ಎರಡೂ ಅಂಕಿಗಳು ದಶಕಗಳಿಂದ ಐಸಿಯುಗಳಲ್ಲಿ ದಿನಕ್ಕೆ ನೂರಾರು ಸಲ ದಾಖಲಾಗುತ್ತಲೇ ಇದ್ದವು. ಆದರೂ ಇಷ್ಟು ದೊಡ್ಡ ಪ್ರಮಾಣದಲ್ಲಿ ಅವನ್ನು ಜೋಡಿಸಿ ನೋಡಲು ಒಂದು ಮಹಾಮಾರಿಯೇ ಬರಬೇಕಾಯಿತು. ಏಕೆ ಎಂಬುದಕ್ಕೆ ಉತ್ತರದ ಅರ್ಧ ಭಾಗ ಈ ಯಂತ್ರ ಹುಟ್ಟಿದ ರೀತಿಯಲ್ಲೇ ಇದೆ.

ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುವ ಯೋಚನೆ ಹಳೆಯದು. ಜರ್ಮನಿಯ ಕಾರ್ಲ್ ಮ್ಯಾಥೆಸ್ 1935ರಲ್ಲಿ ಕಿವಿಯ ಮೇಲೆ ಇದನ್ನು ಪ್ರಯತ್ನಿಸಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಎತ್ತರದಲ್ಲಿ ಹಾರುವ ಪೈಲಟ್‌ಗಳು ಪ್ರಜ್ಞೆ ತಪ್ಪುವುದನ್ನು ಮುಂಚೆಯೇ ತಿಳಿಯಲು ಗ್ಲೆನ್ ಮಿಲಿಕನ್ ಕಿವಿಗೆ ಹಾಕುವ ಹಗುರ ಸಾಧನವೊಂದನ್ನು ರೂಪಿಸಿದರು. ಆದರೆ ಒಂದು ತೊಡಕು ಎಲ್ಲರನ್ನೂ ಕಾಡಿತು: ಬೆಳಕನ್ನು ರಕ್ತವೊಂದೇ ಹೀರುವುದಿಲ್ಲ, ಚರ್ಮ, ಮಾಂಸ, ಮೂಳೆ ಎಲ್ಲವೂ ಹೀರುತ್ತವೆ. ಅದರಲ್ಲಿ ರಕ್ತದ ಪಾಲು ಎಷ್ಟು ಎಂದು ಬೇರ್ಪಡಿಸುವುದು ಹೇಗೆ? ಮೇಯೊ ಕ್ಲಿನಿಕ್‌ನ ಅರ್ಲ್ ವುಡ್ ಕಿವಿಯನ್ನು ಒತ್ತಿ ಹಿಡಿದು, ರಕ್ತವನ್ನೆಲ್ಲ ಹೊರಗೆ ನೂಕಿ, ರಕ್ತವಿಲ್ಲದ ಕಿವಿಯನ್ನು ಮೊದಲು ಅಳೆಯುತ್ತಿದ್ದರು. ದಿನನಿತ್ಯದ ವಾರ್ಡಿಗೆ ಒಗ್ಗುವ ಕೆಲಸ ಅದಲ್ಲ.

ಗಂಟು ಬಿಡಿಸಿದ್ದು ಜಪಾನಿನ ನಿಹಾನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್ ತಕುಒ ಅಒಯಾಗಿ. 1970ರ ದಶಕದ ಆರಂಭದಲ್ಲಿ ಅವರ ಕೈಯಲ್ಲಿದ್ದ ಕೆಲಸವೇ ಬೇರೆ. ರಕ್ತಕ್ಕೆ ಬಣ್ಣದ ದ್ರವ ಚುಚ್ಚಿ, ಅದು ಕಿವಿಯಲ್ಲಿ ಹಾದುಹೋಗುವುದನ್ನು ಬೆಳಕಿನಿಂದ ಹಿಂಬಾಲಿಸಿ, ಹೃದಯ ನಿಮಿಷಕ್ಕೆ ಎಷ್ಟು ರಕ್ತ ಪಂಪ್ ಮಾಡುತ್ತದೆಂದು ಲೆಕ್ಕ ಹಾಕುವುದು. ಆದರೆ ಗ್ರಾಫಿನ ಗೆರೆ ನೇರವಾಗಿ ಬರುತ್ತಲೇ ಇರಲಿಲ್ಲ. ಪ್ರತಿ ನಾಡಿಮಿಡಿತಕ್ಕೂ ಒಂದು ಸಣ್ಣ ಅಲೆ. ಇನ್ನೊಂದು ಬಣ್ಣದ ಬೆಳಕು ಬಳಸಿ ಆ ಅಲೆಯನ್ನು ಅಳಿಸಲು ಹೊರಟಾಗ, ರಕ್ತದ ಆಮ್ಲಜನಕ ಬದಲಾದರೆ ಅಲೆ ಮತ್ತೆ ತಲೆಯೆತ್ತುವುದು ಅವರ ಕಣ್ಣಿಗೆ ಬಿತ್ತು. ಹಾಗಾದರೆ ಅಳಿಸಬೇಕೆಂದಿದ್ದ ಅಲೆಯಲ್ಲೇ ಆಮ್ಲಜನಕದ ಮಾಹಿತಿ ಇದೆ! ಮಿಡಿಯುವುದು ಅಪಧಮನಿಯ ರಕ್ತ ಮಾತ್ರ. ಚರ್ಮ, ಮೂಳೆ, ಉಗುರು ಮಿಡಿಯುವುದಿಲ್ಲ. ಆದ್ದರಿಂದ ಮಿಡಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಉಳಿದದ್ದೆಲ್ಲ ತಾನಾಗಿ ಕಳೆದುಹೋಗುತ್ತದೆ. 1974ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಇದು ಅಪ್ಪಟ ಪ್ರತಿಭೆಯ ಕೆಲಸ. ಅರಿವಳಿಕೆ ತಜ್ಞರ ಕೈಗೆ ಇದಕ್ಕಿಂತ ದೊಡ್ಡ ಕಾವಲು ಆ ಕಾಲದಲ್ಲಿ ಸಿಕ್ಕಿರಲಿಲ್ಲ. ಆದರೆ ಚರ್ಮದ ಬಣ್ಣ ಲೆಕ್ಕಕ್ಕೆ ಬರುವುದಿಲ್ಲ ಎಂಬ ನಂಬಿಕೆಯೂ ಇದೇ ತತ್ವದ ಒಡಲಿನಲ್ಲೇ ಹುಟ್ಟಿತು. ಚರ್ಮ ಮಿಡಿಯುವುದಿಲ್ಲವಲ್ಲ, ಇನ್ನೇನು ಪರೀಕ್ಷೆ?

ವಾಸ್ತವದಲ್ಲಿ ಕಳೆಯುವ ಲೆಕ್ಕ ಅಷ್ಟು ಚೊಕ್ಕವಾಗಿ ನಡೆಯುವುದಿಲ್ಲ. ಯಂತ್ರದಲ್ಲಿ ಎರಡು ದೀಪಗಳಿವೆ: ಸುಮಾರು 660 ನ್ಯಾನೋಮೀಟರಿನ ಕೆಂಪು, ಸುಮಾರು 940ರ ಇನ್‌ಫ್ರಾರೆಡ್. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಆಮ್ಲಜನಕ ಇಲ್ಲದ್ದು ಹೆಚ್ಚು ಹೀರುತ್ತದೆ. ಎರಡೂ ಬೆಳಕಿನ ಮಿಡಿತಗಳ ಅನುಪಾತ ತೆಗೆದರೆ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯನ್ನು ಶೇಕಡಾವಾರಿಗೆ ತಿರುಗಿಸುವುದು ಶುದ್ಧ ಭೌತಶಾಸ್ತ್ರದಿಂದ ಆಗುವ ಕೆಲಸವಲ್ಲ. ಅದಕ್ಕೊಂದು ಕೋಷ್ಟಕ ಬೇಕು. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಉಸಿರಾಡಿಸಿ, ಮಟ್ಟವನ್ನು ಶೇ 70ರವರೆಗೆ ಇಳಿಸುತ್ತಾ, ಹಂತಹಂತದಲ್ಲಿ ಅವರ ಅಪಧಮನಿಯ ರಕ್ತದೊಡನೆ ತಾಳೆ ಹಾಕಿ ಈ ಕೋಷ್ಟಕ ಮಾಡುತ್ತಾರೆ. ಹಾಗೆಂದರೆ ಬೆರಳ ಮೇಲೆ ಕಾಣುವ ಅಂಕಿ ಆ ಸ್ವಯಂಸೇವಕರ ದೇಹದಿಂದ ಎರವಲು ಬಂದದ್ದು. ಅವರಲ್ಲಿ ಗಾಢ ಚರ್ಮದವರು ಎಷ್ಟು ಮಂದಿ ಇದ್ದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇನ್‌ಫ್ರಾರೆಡ್‌ಗಿಂತ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಜೊತೆಗೆ ಕೈಬೆರಳಿಗೆ ರಕ್ತದ ಹರಿವು ಕಡಿಮೆಯಾಗಿ ಮಿಡಿತ ದುರ್ಬಲವಾದರೆ ತಪ್ಪು ಇನ್ನಷ್ಟು ದೊಡ್ಡದಾಗುತ್ತದೆ. ಆರೋಗ್ಯವಂತ ಸ್ವಯಂಸೇವಕರ ಬೆರಳಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಯಂತ್ರ, ಬಿಪಿ ಕುಸಿದು ಕೈ ತಣ್ಣಗಾದ ಐಸಿಯು ರೋಗಿಯ ಬೆರಳಿನಲ್ಲಿ ಎಡವಲು ಇದೂ ಒಂದು ಕಾರಣ.

1990ರ ಹೊತ್ತಿಗೆ ಅಮೆರಿಕದಲ್ಲಿ ಅರಿವಳಿಕೆ ಕೊಡುವಾಗ ಪಲ್ಸ್ ಆಕ್ಸಿಮೀಟರ್ ಇರಲೇಬೇಕು ಎಂಬ ಮಾನದಂಡ ಬಂದಿತ್ತು. ಅದೇ ವರ್ಷ ಅಮಲ್ ಜುಬ್ರಾನ್ ಮತ್ತು ಮಾರ್ಟಿನ್ ಟೋಬಿನ್ ವೆಂಟಿಲೇಟರಿನಲ್ಲಿದ್ದ ರೋಗಿಗಳನ್ನು ಅಧ್ಯಯನ ಮಾಡಿ ಸ್ಪಷ್ಟವಾಗಿ ಬರೆದರು: ಬಿಳಿಯ ರೋಗಿಗಳಿಗೆ 92ರ ಗುರಿ ಸಾಕು, ಕಪ್ಪು ರೋಗಿಗಳಿಗೆ ಸಾಲದು, 95 ಬೇಕು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲಿಪ್ ಬಿಕ್ಲರ್ ತಂಡ ಪ್ರಯೋಗಾಲಯದಲ್ಲೇ ತೋರಿಸಿತು: ಗಾಢ ಚರ್ಮದಲ್ಲಿ ಯಂತ್ರ ಮಟ್ಟವನ್ನು ಹೆಚ್ಚಾಗಿ ತೋರಿಸುತ್ತದೆ, ಆಮ್ಲಜನಕ ಇಳಿದಷ್ಟೂ ತಪ್ಪು ಬೆಳೆಯುತ್ತದೆ. ಇಷ್ಟು ಗೊತ್ತಿದ್ದೂ ವಾರ್ಡುಗಳಲ್ಲಿ ಏನೂ ಬದಲಾಗಲಿಲ್ಲ. ಎಫ್‌ಡಿಎ, ಅಂದರೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ, 2013ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಪರೀಕ್ಷೆಗೆ ಕನಿಷ್ಠ 10 ಮಂದಿ ಇರಬೇಕು, ಅವರಲ್ಲಿ ಇಬ್ಬರಾದರೂ ಅಥವಾ ಶೇ 15ರಷ್ಟಾದರೂ ಗಾಢ ಚರ್ಮದವರಿರಬೇಕು ಎಂದಷ್ಟೇ ಇತ್ತು. ಇಬ್ಬರು! ಇದನ್ನು ಅಜಾಗರೂಕತೆ ಎಂದಷ್ಟೇ ಕರೆದು ಸುಮ್ಮನಾಗಲು ನನ್ನಿಂದ ಆಗುವುದಿಲ್ಲ.

ಕೋವಿಡ್ ಬಂದಾಗ ಈ ಸಣ್ಣ ಅಂತರಕ್ಕೆ ಜೀವದ ಬೆಲೆ ಬಂತು. ಯಾರನ್ನು ದಾಖಲಿಸಬೇಕು, ಯಾರಿಗೆ ಯಾವ ಔಷಧ ಎಂಬುದನ್ನೆಲ್ಲ 94ರಂಥ ಒಂದು ಗೆರೆ ನಿರ್ಧರಿಸುತ್ತಿತ್ತು. 2022ರಲ್ಲಿ ಅಶ್ರಫ್ ಫೌಜಿ ಮತ್ತು ಸಂಗಡಿಗರು ಕೋವಿಡ್ ರೋಗಿಗಳ ದಾಖಲೆ ವಿಶ್ಲೇಷಿಸಿದಾಗ, ಏಷ್ಯನ್, ಕಪ್ಪು ಮತ್ತು ಹಿಸ್ಪಾನಿಕ್ ರೋಗಿಗಳಲ್ಲಿ ಯಂತ್ರ ಮಟ್ಟವನ್ನು ಹೆಚ್ಚಾಗಿ ತೋರಿಸಿದ್ದು ಕಂಡಿತು. ಕಪ್ಪು ಮತ್ತು ಹಿಸ್ಪಾನಿಕ್ ರೋಗಿಗಳಲ್ಲಿ ಚಿಕಿತ್ಸೆಗೆ ಅರ್ಹರೆಂದು ಗುರುತಿಸುವುದು ತಡವಾಗಿತ್ತು, ಕೆಲವರನ್ನು ಗುರುತಿಸಿಯೇ ಇರಲಿಲ್ಲ.

ಈ ವಿಶ್ಲೇಷಣೆಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಪಧಮನಿಯ ರಕ್ತ ತೆಗೆಯುವುದೆಂದರೆ ಮಣಿಕಟ್ಟಿನ ಒಳಬದಿಯಲ್ಲಿ ನಾಡಿ ಹುಡುಕಿ, ಸೂಜಿಯನ್ನು ಆಳಕ್ಕೆ ಇಳಿಸುವುದು. ಸಾಮಾನ್ಯ ಪರೀಕ್ಷೆಗೆ ಅಭಿಧಮನಿಯಿಂದ ರಕ್ತ ತೆಗೆಯುವುದಕ್ಕಿಂತ ಹೆಚ್ಚು ನೋವು. ಹಾಗಾಗಿ ಹೆಚ್ಚಾಗಿ ವೈದ್ಯರಿಗೆ ಅನುಮಾನ ಬಂದವರಿಗೇ ಅದನ್ನು ಮಾಡುತ್ತಾರೆ. ಯಾರ ಆಕ್ಸಿಮೀಟರ್ ಸಮಾಧಾನಕರ ಅಂಕಿ ತೋರಿಸಿ ಅನುಮಾನವೇ ಬರದಂತೆ ಮಾಡಿತೋ, ಅವರು ದತ್ತಾಂಶದಲ್ಲೇ ಇಲ್ಲ. ಎರಡು ಅಳತೆಗಳ ನಡುವಿನ ಹತ್ತು ನಿಮಿಷದಲ್ಲಿ ರೋಗಿಯ ಸ್ಥಿತಿ ಬದಲಾಗಿರಲೂಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಕಡತಗಳಲ್ಲಿ ಇರುವುದು ಜನಾಂಗದ ಕಾಲಂ, ಚರ್ಮದ ಬಣ್ಣದ್ದಲ್ಲ. ಒಂದೇ ಜನಾಂಗದ ಹೆಸರಿನಡಿ ಗೋಧಿಬಣ್ಣದವರೂ ಇರುತ್ತಾರೆ, ಕಡುಗಪ್ಪಿನವರೂ ಇರುತ್ತಾರೆ. ಬೆಳಕಿಗೆ ಜನಾಂಗ ಗೊತ್ತಿಲ್ಲ, ಮೆಲನಿನ್ ಮಾತ್ರ ಗೊತ್ತು. ಇದೇ ಐಸಿಯು ದಾಖಲೆಗಳಿಂದ ಕಲಿತು ರೋಗಿಯ ಸ್ಥಿತಿ ಹದಗೆಡುವುದನ್ನು ಊಹಿಸುವ ಕಂಪ್ಯೂಟರ್ ಮಾದರಿಗಳೂ ಬರುತ್ತಿವೆ. ತಪ್ಪಿದ ಅಂಕಿಯನ್ನು ಅವೂ ಸತ್ಯವೆಂದೇ ಕಲಿಯುತ್ತವೆ.

ಬ್ರಿಟನ್‌ನಲ್ಲಿ ಮಾರ್ಗರೆಟ್ ವೈಟ್‌ಹೆಡ್ ನೇತೃತ್ವದ ಸ್ವತಂತ್ರ ಸಮಿತಿ ವೈದ್ಯಕೀಯ ಸಾಧನಗಳಲ್ಲಿನ ಇಂಥ ತಾರತಮ್ಯದ ಬಗ್ಗೆ 2024ರಲ್ಲಿ ವರದಿ ಕೊಟ್ಟಿತು. 2025ರ ಜನವರಿಯಲ್ಲಿ ಎಫ್‌ಡಿಎ ಹೊಸ ಕರಡು ಮಾರ್ಗಸೂಚಿ ಹೊರಡಿಸಿತು. ಅದರಂತೆ ಪರೀಕ್ಷೆಗೆ ಕನಿಷ್ಠ 150 ಮಂದಿ ಬೇಕು. ಅವರ ಚರ್ಮದ ಬಣ್ಣವನ್ನು ಹತ್ತು ಛಾಯೆಗಳ ‘ಮಾಂಕ್’ ಮಾಪಕದಿಂದಲೂ, ಉಪಕರಣದಿಂದಲೂ ಅಳೆಯಬೇಕು. ಆರೋಗ್ಯ ಸಾಧನವೆಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ನೇರವಾಗಿ ಮಾರುವ ಅಗ್ಗದ ಆಕ್ಸಿಮೀಟರ್‌ಗಳು ಈ ವ್ಯಾಪ್ತಿಗೆ ಬರುವುದಿಲ್ಲ.

ಈಗಾಗಲೇ ಮನೆಯಲ್ಲಿ, ವಾರ್ಡಿನಲ್ಲಿ ಇರುವ ಯಂತ್ರಗಳನ್ನು ಬಿಸಾಡಬೇಕಿಲ್ಲ. ಒಂದು ಸಲದ ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಹೆಚ್ಚು ಉಪಯುಕ್ತ. 97 ಇದ್ದದ್ದು 93ಕ್ಕೆ ಇಳಿದರೆ, 93 ಪರವಾಗಿಲ್ಲ ಎಂದುಕೊಳ್ಳಬಾರದು. ಉಗುರುಬಣ್ಣ ತೆಗೆದು, ಕೈ ಬೆಚ್ಚಗೆ ಮಾಡಿ, ಅಲುಗದೆ ಅಳೆಯಬೇಕು. ಗಾಢ ಚರ್ಮದವರಲ್ಲಿ ಆಮ್ಲಜನಕ ಇಳಿದಾಗಿನ ನೀಲಿಛಾಯೆ ಮುಖದಲ್ಲಿ ಸುಲಭವಾಗಿ ಕಾಣುವುದಿಲ್ಲ. ಒಸಡು, ತುಟಿಯ ಒಳಭಾಗ, ನಾಲಗೆ ನೋಡಬೇಕು. ಯಂತ್ರ 95 ಎನ್ನುತ್ತಿದ್ದರೂ ರೋಗಿ ಏದುಸಿರು ಬಿಡುತ್ತಿದ್ದರೆ, ಮಾತು ತಡವರಿಸುತ್ತಿದ್ದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ರಕ್ತವನ್ನೇ ಪರೀಕ್ಷಿಸಿ ನೋಡಿ ಎಂದು ವೈದ್ಯರನ್ನು ಕೇಳಬೇಕು.