ಸೀವಾದ ಚಿಲುಮೆಯಲ್ಲಿ ಕ್ಲಿಯೋಪಾತ್ರ ಮಿಂದಿದ್ದು ನಿಜವೇ?

ಪ್ರಶ್ನೆ: ಈಜಿಪ್ಟಿನ ಮರುಭೂಮಿಯಲ್ಲಿರುವ ಸೀವಾ ಓಯಸಿಸ್‌ನ ಚಿಲುಮೆಯಲ್ಲಿ ಕ್ಲಿಯೋಪಾತ್ರ ಸ್ನಾನ ಮಾಡಿದ ಮೇಲೇ ಆ ಊರು ಹೆಸರಾಯಿತಂತೆ, ಹೌದಾ?

ಉತ್ತರ: ಅಲ್ಲ. ಹೋದ ಸಲವೂ ಅಲ್ಲ ಅಂದಿದ್ದೆ, ಅದಕ್ಕೂ ಹಿಂದಿನ ಸಲವೂ.

ಕ್ಲಿಯೋಪಾತ್ರ ಸೀವಾಕ್ಕೆ ಬಂದಿದ್ದಳು ಅನ್ನುವುದಕ್ಕೆ ಒಂದೇ ಒಂದು ಆಧಾರವಿಲ್ಲ. ಅವಳು ಹುಟ್ಟಿದ್ದು ಕ್ರಿ.ಪೂ. 69ರಲ್ಲಿ. ಅಲ್ಲಿನ ಅಮುನ್ ದೇವರ ಗುಡಿ ಕಟ್ಟಿದ್ದು ಕ್ರಿ.ಪೂ. 6ನೇ ಶತಮಾನದಲ್ಲಿ. ಆ ಗುಡಿಯಲ್ಲಿ ದೇವರನ್ನು ಪ್ರಶ್ನೆ ಕೇಳಲು ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಮರಳುಗಾಡು ದಾಟಿ ಬಂದಿದ್ದ. ಅಂದರೆ ಅವಳು ಹುಟ್ಟುವ ಹೊತ್ತಿಗೆ ಊರಿನ ಹೆಸರು ದೂರ ದೂರಕ್ಕೆ ಹಬ್ಬಿ ಎಷ್ಟೋ ಕಾಲವಾಗಿತ್ತು. ಅಲ್ಲಿರುವುದು ಒಂದು ಚಿಲುಮೆಯೂ ಅಲ್ಲ, ನೂರಾರು. ಈಗ 'ಕ್ಲಿಯೋಪಾತ್ರ ಸ್ನಾನದ ಕೊಳ' ಅಂತ ಪ್ರವಾಸಿಗರಿಗೆ ತೋರಿಸುವ ದುಂಡನೆಯ ಕಲ್ಲುಕಟ್ಟೆಯ ಕೊಳಕ್ಕೆ ಐನ್ ಜುಬಾ ಅನ್ನುವ ಹೆಸರೇ ಇದೆ. ಟರ್ಕಿಯ ಪಾಮುಕ್ಕಲೆಯಲ್ಲೂ ಅವಳ ಹೆಸರಿನ ಕೊಳವಿದೆ, ಪಾಪ, ಎಷ್ಟು ಕಡೆ ಅಂತ ಮೀಯುತ್ತಾಳೆ! ನಮ್ಮಲ್ಲಿ ಬೆಟ್ಟಕ್ಕೊಂದು ಭೀಮನ ಹೆಜ್ಜೆ, ಸೀತೆಯ ಕೊಳ ಇಲ್ವಾ, ಹಾಗೇ ಇದು.

ಇದಕ್ಕಿಂತ ಸ್ವಾರಸ್ಯದ್ದು ಹೆರೊಡೋಟಸ್ ಬರೆದಿದ್ದು. ಕ್ರಿ.ಪೂ. 5ನೇ ಶತಮಾನದ ಈ ಗ್ರೀಕ್ ಇತಿಹಾಸಕಾರ ಹೇಳುವಂತೆ, ಇಲ್ಲಿನ 'ಸೂರ್ಯನ ಚಿಲುಮೆ'ಯ ನೀರು ನಡುಮಧ್ಯಾಹ್ನ ತಣ್ಣಗೆ, ನಡುರಾತ್ರಿ ಕುದಿಯುವಷ್ಟು ಬಿಸಿ. ಪವಾಡವೇನಲ್ಲ. ನೆಲದಡಿಯಿಂದ ಬರುವ ನೀರಿನ ಬಿಸಿ ಹಗಲೂ ರಾತ್ರಿ ಹೆಚ್ಚುಕಡಿಮೆ ಒಂದೇ ಇರುತ್ತದೆ. ಬದಲಾಗುವುದು ಹೊರಗಿನ ಗಾಳಿ. ಮಾಗಿಯ ಬೆಳಗ್ಗೆ ಬಾವಿಯಿಂದ ಆಗಷ್ಟೇ ಸೇದಿದ ನೀರು ಮೈಮೇಲೆ ಸುರಿದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದಿಯುವುದು ಮಾತ್ರ ಅವನ ಉಪ್ಪುಖಾರ.

ಉಪ್ಪು ಅಂದಾಗ ನೆನಪಾಯಿತು. 13ನೇ ಶತಮಾನದಲ್ಲಿ ದಾಳಿಕೋರರಿಗೆ ಹೆದರಿ ಸೀವಾದವರು ಗುಡ್ಡದ ಮೇಲೆ ಶಾಲಿ ಅನ್ನುವ ಕೋಟೆಯೂರು ಕಟ್ಟಿಕೊಂಡರು. ಗೋಡೆಗೆ ಬಳಸಿದ್ದು ಉಪ್ಪುಗಟ್ಟಿದ ಮಣ್ಣು, ಅವರ ಮಾತಿನಲ್ಲಿ ಕೆರ್ಶೆಫ್. ಮಳೆಯೇ ಬಾರದ ಊರಲ್ಲಿ ಅದು ಕಲ್ಲಿನಂತೆ ನಿಂತಿತ್ತು. 1926ರಲ್ಲಿ ಮೂರು ದಿನ ಜಡಿಮಳೆ ಹಿಡಿಯಿತು ನೋಡಿ, ಮನೆಗಳು ಕರಗಿ ಕುಸಿದವು. ಜನ ಕೆಳಗಿಳಿದು ಬೇರೆ ಮನೆ ಕಟ್ಟಿಕೊಂಡರು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಸೀವಾದ ಈಗಿನ ತಲೆನೋವು ನೀರಿನ ಬರ ಅಲ್ಲ, ನೀರು ಜಾಸ್ತಿಯಾಗಿರುವುದು. ಊರು ಸಮುದ್ರಮಟ್ಟಕ್ಕಿಂತ ಸುಮಾರು 18 ಮೀಟರ್ ಕೆಳಗಿದೆ, ನೀರು ಹರಿದು ಹೋಗಲು ದಾರಿಯೇ ಇಲ್ಲ. ಸಾವಿರಾರು ವರ್ಷಗಳ ಹಿಂದೆ ಸುರಿದ ಮಳೆ ಅಲ್ಲಿ ಮರಳುಗಲ್ಲಿನ ಒಳಗೆ ಸೇರಿಕೊಂಡಿದೆ. ಅದಕ್ಕೆ ಸಿಕ್ಕಸಿಕ್ಕಲ್ಲಿ ಬೋರು ಕೊರೆದರು. ತೋಟಕ್ಕೆ ಬಿಟ್ಟು ಮಿಕ್ಕ ನೀರು ತಗ್ಗಿನಲ್ಲಿ ನಿಂತು, ಆವಿಯಾಗಿ, ಉಪ್ಪು ಉಳಿಸುತ್ತದೆ. ಗೋಡೆಗೆ ಗಟ್ಟಿತನ ಕೊಟ್ಟ ಅದೇ ಉಪ್ಪು ಈಗ ಖರ್ಜೂರ, ಆಲಿವ್ ತೋಟಗಳ ಬೇರಿಗೆ ಇಳಿಯುತ್ತಿದೆ.